ಉಳಿಸಿ, ಅಳಿಸಿ

ಅಚ್ಚುಕಟ್ಟಣ್ಣನ ಮನೆಯಲ್ಲಿ ಒಂದು ಪಿಯಾನೋ ಇತ್ತು. ಪಿಯಾನೋ ಮೇಲೆ ಹಾಳೆಗಳಿದ್ದವು, ಆ ಹಾಳೆಗಳ ಮೇಲೆ ಇನ್ನಷ್ಟು ಹಾಳೆಗಳಿದ್ದವು, ಎಲ್ಲದರ ಮೇಲೆ ಒಂದು ಟೇಬಲ್ ಫ್ಯಾನ್ ಇತ್ತು. ಹಾಕಿದರೆ ಹಾಳೆಗಳು ಹಾರುತ್ತವೆ ಎಂದು ಆ ಫ್ಯಾನನ್ನು ಯಾರೂ ಹಾಕುತ್ತಿರಲಿಲ್ಲ. ಪಿಯಾನೋ ನುಡಿಸಿ ಎಷ್ಟು ಕಾಲವಾಯಿತು ಎಂದು ಯಾರಾದರೂ ಕೇಳಿದರೆ ಅವನು ಫ್ಯಾನಿನ ವಿಷಯ ತೆಗೆಯುತ್ತಿದ್ದ.

ಆ ಬೀದಿಯವರ ಕಣ್ಣು ಅವನ ಕೈಯಲ್ಲಿ, ಹಲ್ಲು ಅವನ ಹೆಂಡತಿಯ ಕೈಯಲ್ಲಿ. ಕೆಳಗಡೆ ಎಡಕ್ಕೆ ಅವನ ಕನ್ನಡಕದಂಗಡಿ, ಬಲಕ್ಕೆ ಅವಳ ಹಲ್ಲಿನ ಕ್ಲಿನಿಕ್, ಎರಡರ ನಡುವೆ ಮೆಟ್ಟಿಲು, ಮೇಲೆ ಮನೆ. ಅಂಗಡಿಯಲ್ಲಿ ಫ್ರೇಮುಗಳು ಬಣ್ಣದ ಪ್ರಕಾರ ಸಾಲುಗಟ್ಟಿದ್ದವು, ಒಂದೊಂದು ಬಣ್ಣದೊಳಗೂ ಅಳತೆಯ ಪ್ರಕಾರ. ಗಿರಾಕಿ ಒಂದನ್ನು ಮೂಗಿನ ಮೇಲಿಟ್ಟು ನೋಡಿ ತಪ್ಪು ಜಾಗದಲ್ಲಿಟ್ಟರೆ ಅವನು ಆಡುತ್ತಿದ್ದ ಮಾತನ್ನು ಅರ್ಧಕ್ಕೇ ನಿಲ್ಲಿಸಿ, ಫ್ರೇಮನ್ನು ಅದರ ಜಾಗಕ್ಕೆ ಸೇರಿಸಿ, ಆಮೇಲೆ ಉಳಿದರ್ಧ ಮಾತು ಮುಗಿಸುತ್ತಿದ್ದ. ಅಡ್ಡಹೆಸರು ಬಿದ್ದದ್ದು ಅದಕ್ಕೇ. ಅಂಗಡಿಯ ಅಚ್ಚುಕಟ್ಟು ಮಹಡಿ ಮೆಟ್ಟಿಲು ಹತ್ತಿರಲಿಲ್ಲ ಎಂಬುದು ಹೆಂಡತಿಗೆ ಮಾತ್ರ ಗೊತ್ತಿದ್ದ ಸಂಗತಿ.

ಅವನು ಕೂಡಿಸುತ್ತಿದ್ದುದು ಸ್ವರಹಾಳೆಗಳನ್ನು. ಐದು ಗೆರೆ ಎಳೆದು, ಗೆರೆಗೆ ಜೋತುಬಿದ್ದ ಹಾಗೆ ಸ್ವರಗಳನ್ನು ಅಚ್ಚು ಹಾಕಿದ ಹಾಳೆಗಳು. ಮುಚ್ಚಿಹೋಗುವ ಅಂಗಡಿಗಳಿಂದ, ರದ್ದಿಯವನ ತಕ್ಕಡಿಯಿಂದ, ಪಿಯಾನೋ ಮಾರಿ ಹಾಳೆ ಏನು ಮಾಡುವುದೆಂದು ತೋಚದವರ ಮನೆಗಳಿಂದ, ಮದುವೆಯಾಗುವ ಮೊದಲಿನಿಂದಲೂ ತಂದು ತಂದು ಗುಡ್ಡೆ ಹಾಕಿದ್ದ. ಅದರಲ್ಲಿ ನೂರಕ್ಕೆ ತೊಂಬತ್ತನ್ನು ಒಮ್ಮೆಯೂ ನುಡಿಸಿರಲಿಲ್ಲ.

"ಹಲ್ಲಿದ್ದೋರಿಗೆ ಕಡಲೆ ಇಲ್ಲ, ಕಡಲೆ ಇದ್ದೋರಿಗೆ ಹಲ್ಲಿಲ್ಲ ಅಂತಾರೆ. ನಿಮಗೆ ಎರಡೂ ಇದೆ. ಆದ್ರೆ ನೀವು ಕಡಲೆ ಎಣಿಸ್ತಾ ಕೂತಿದೀರ" ಎನ್ನುತ್ತಿದ್ದಳು ಹೆಂಡತಿ. ದಿನವಿಡೀ ಹಲ್ಲು ನೋಡುವವಳು ಹೇಳಿದ ಮೇಲೆ ಎದುರಾಡುವುದು ಕಷ್ಟ.

ಅವನಿಗಿದ್ದ ಆಸೆ ಒಂದೇ. ಪೀಠೋಪಕರಣದ ಅಂಗಡಿಯ ಮೇಲಿನ ಸಭಾಂಗಣದಲ್ಲಿ ವಾರಕ್ಕೊಮ್ಮೆ ಸೇರುವ ಗಾಯನ ತಂಡವೊಂದಿತ್ತು. ಅವನು ಅದರಲ್ಲಿ ಕೊನೇ ಸಾಲಿನಲ್ಲಿ ನಿಂತು ದಪ್ಪ ದನಿಯವರ ನಡುವೆ ಹಾಡುತ್ತಿದ್ದ, ಅಂದರೆ ಬಾಯಾಡಿಸುತ್ತಿದ್ದ. ಅವನ ಕಣ್ಣೆಲ್ಲ ಮುಂದೆ ಎಡಗಡೆ ಇದ್ದ ಪಿಯಾನೋದ ಕುರ್ಚಿಯ ಮೇಲೆ. ಆ ಕುರ್ಚಿಯಲ್ಲಿ ಕೂತವನ ಒಂದು ಪಕ್ಕದ ಮುಖ ಇಡೀ ಸಭೆಗೆ ಕಾಣುತ್ತದೆ. ತನ್ನದು ಎಡಗಡೆಯಿಂದ ಚೆನ್ನಾಗಿದೆ ಎಂದು ಅವನು ಅಂಗಡಿಯ ಕನ್ನಡಿಗಳಲ್ಲಿ ನೋಡಿ ಖಾತ್ರಿ ಮಾಡಿಕೊಂಡಿದ್ದ. ಆದರೆ ಕುರ್ಚಿಯಲ್ಲಿ ಮೊದಲಿನಿಂದ ಕೂತಿದ್ದವನು ಡ್ರೈವಿಂಗ್ ಸ್ಕೂಲಿನವನು. ಅವನು ನುಡಿಸುವುದು ಹೊಸಬರಿಗೆ ಗಾಡಿ ಕಲಿಸುವ ಹಾಗೇ ಇತ್ತು. ತಿರುವು ಬಂದಲ್ಲೆಲ್ಲ ನಿಧಾನ, ಅನುಮಾನ ಬಂದಲ್ಲೆಲ್ಲ ಬ್ರೇಕು.

ತಂಡವನ್ನು ನಡೆಸುತ್ತಿದ್ದವರು ಶಾಲೆಯಲ್ಲಿ ರೇಖಾಗಣಿತ ಹೇಳಿಕೊಡುತ್ತಿದ್ದ ಮೇಡಂ. ತಾಳ ತೋರಿಸುವುದಕ್ಕೆ ಬೇರೆ ಕೋಲು ಕೊಳ್ಳದೆ ತರಗತಿಯ ಅಡಿಕೋಲನ್ನೇ ಬೀಸುತ್ತಿದ್ದರು. ಈ ಸಲದ ಕಾರ್ಯಕ್ರಮಕ್ಕೆ ಅವರು ಆರಿಸಿದ್ದು "ದೋಣಿಯವಳ ಹಾಡು" ಎಂಬ ಹಳೆಯ ಹಾಡು. ಚಿಕ್ಕವಯಸ್ಸಿನಲ್ಲಿ ಕಲಿತದ್ದನ್ನು ನೆನಪಿನಿಂದಲೇ ನಾಲ್ಕು ದನಿಗಳಿಗೂ ಕಲಿಸಿದ್ದರು. ಎಲ್ಲರ ಬಾಯಲ್ಲೂ ಹಾಡು ಕೂತಿತ್ತು. ಇಲ್ಲದ್ದು ಪಿಯಾನೋದ ಭಾಗ ಒಂದೇ.

"ಅದು ಅಚ್ಚಾಗೋದು ನಿಂತು ಯಾವ ಕಾಲವಾಯ್ತೋ" ಎಂದರು ಮೇಡಂ. "ಸಿಗದೇ ಇದ್ರೆ ಇವರೇ ಸುಮ್ನೆ ಟಕ್ ಟಕ್ ಅಂತ ತಾಳಕ್ಕೆ ಒತ್ಲಿ."

"ಒತ್ತೋಣ ಬಿಡಿ" ಎಂದ ಡ್ರೈವಿಂಗ್ ಸ್ಕೂಲಿನವನು.

ಕೊನೇ ಸಾಲಿನಿಂದ ಕೆಮ್ಮು ಕೇಳಿಸಿತು. "ನನ್ನ ಹತ್ರ ಇದೆ."

ತಂಡವೆಲ್ಲ ಹಿಂತಿರುಗಿ ನೋಡಿತು. ಇಷ್ಟು ವರ್ಷಗಳಲ್ಲಿ ಆ ಮೂಲೆಯಿಂದ ಸ್ಪಷ್ಟವಾಗಿ ಕೇಳಿಸಿದ ಮೊದಲ ದನಿ ಅದು.

"ಪಿಯಾನೋ ಭಾಗದ ಹಾಳೆನಾ?"

"ಮುಖಪುಟದ ಮೇಲೆ ದೋಣಿ ಚಿತ್ರ ಇರೋದು. ಮನೇಲಿದೆ."

ಮೇಡಂ ಅಡಿಕೋಲನ್ನು ಕುರ್ಚಿಯ ಕಡೆ ತೋರಿಸಿದರು. "ಹಾಗಾದ್ರೆ ಹಾಳೆ ತಂದವರಿಗೆ ಕುರ್ಚಿ. ನೀವೇ ನುಡಿಸಿ."

"ಬನ್ನಿ ಅಣ್ಣ, ಸೀಟ್ ಬೆಲ್ಟ್ ಒಂದಿಲ್ಲ, ಬಾಕಿ ಎಲ್ಲಾ ಸರಿ ಇದೆ" ಎಂದು ಡ್ರೈವಿಂಗ್ ಸ್ಕೂಲಿನವನು ಬೇಸರವಿಲ್ಲದೆ ಎದ್ದು ನಿಂತ.

ಅಚ್ಚುಕಟ್ಟಣ್ಣ ಆ ದಿನ ಮನೆಗೆ ನಡೆದು ಬಂದನೋ ತೇಲಿ ಬಂದನೋ ಅವನಿಗೇ ಗೊತ್ತಾಗಲಿಲ್ಲ. ಬಂದವನೇ ಫ್ಯಾನ್ ಎತ್ತಿ ಕೆಳಗಿಟ್ಟು ಗುಡ್ಡೆಗೆ ಕೈ ಹಾಕಿದ. ಅದೃಷ್ಟ ನೋಡಿ, ಹಾಳೆ ಮೇಲೆಯೇ ಇತ್ತು. ಫ್ಯಾನಿನ ಕಾಲಡಿಯಲ್ಲೇ, ದೋಣಿಯ ಮೇಲೆ ಧೂಳಿನ ಒಂದು ಉಂಗುರ ಬಿಟ್ಟರೆ ಹೊಸದರಂತೆ.

"ಸಿಕ್ತಲ್ಲ, ಫ್ಯಾನ್ ಹೇಗೂ ಕೆಳಗಿಟ್ಟಿದೀರ. ಹಾಗೇ ಮುಚ್ಚಳ ತೆಗೆದು ನುಡಿಸಿ ನೋಡಿ" ಎಂದಳು ಹೆಂಡತಿ.

ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಬೇರೆ ಯಾರದ್ದಾದರೂ ಮನೆಯಾಗಿದ್ದರೆ ಮುಗಿಯುತ್ತಿತ್ತು ಕೂಡ. ಆದರೆ ಹಾಳೆಯನ್ನು ಕೈಯಲ್ಲಿ ಹಿಡಿದು ನಿಂತ ಅಚ್ಚುಕಟ್ಟಣ್ಣನಿಗೆ ಒಂದು ಯೋಚನೆ ಹೊಳೆಯಿತು. ಇವತ್ತು ಇದು ಸಿಕ್ಕಿದ್ದು ಪುಣ್ಯ. ನಾಳೆ ಮೇಡಂ ಇನ್ನೊಂದು ಕೇಳಿದರೆ? ಕುರ್ಚಿಯಲ್ಲಿ ಕೂರುವವನು ಹಾಳೆಗಾಗಿ ಗುಡ್ಡೆ ಕೆದಕುತ್ತಾ ಕೂರುವುದಕ್ಕಾಗುತ್ತದೆಯೇ? ಎಲ್ಲವನ್ನೂ ಕಂಪ್ಯೂಟರಿನಲ್ಲಿ ನಮೂದಿಸಿಬಿಡಬೇಕು. ಅದಕ್ಕೆ ತಕ್ಕ ಸಾಫ್ಟ್‌ವೇರ್ ಆರಿಸಬೇಕು. ಅಲ್ಲಿಯವರೆಗೆ ಒಂದು ಹಾಳೆಯೂ ಮನೆ ಬಿಡಬಾರದು.

"ಅದೊಂದನ್ನ ಮೊದಲು ಕೊಡಿ ಮಾರಾಯರೆ. ಬೇಕಾದ್ರೆ ಫೋಟೋ ಹೊಡೆದಿಟ್ಕೊಳ್ಳಿ."

"ಫೋಟೋ ಹೊಡೆದ್ರೆ ನಕಲು ಆಗುತ್ತೆ. ನಕಲು ಆದ್ರೆ ಒಂದೇ ಹಾಡು ಎರಡು ಸಲ ನಮೂದಾಗುತ್ತೆ. ಶುರುವಿನಲ್ಲೇ ಗೊಂದಲ ಯಾಕೆ?"

"ಶುರು ಮಾಡಿದ್ರೆ ತಾನೆ ಗೊಂದಲ" ಎಂದು ಹೇಳಿ ಅವಳು ರೋಗಿ ಕಾಯುತ್ತಿದ್ದಾರೆಂದು ಕೆಳಗಿಳಿದಳು.

ಸಾಫ್ಟ್‌ವೇರ್ ಹುಡುಕಾಟ ಶುರುವಾಯಿತು. ಹೆಣ್ಣು ನೋಡುವುದಕ್ಕೂ ಅವನು ಇಷ್ಟು ಮನೆ ಮೆಟ್ಟಿಲು ಹತ್ತಿರಲಿಲ್ಲ. ಪರೀಕ್ಷೆಗೆಂದು ಏಳು ಹಾಡು ಆರಿಸಿಟ್ಟುಕೊಂಡ. ಮೊದಲನೆಯದು ದೋಣಿಯವಳ ಹಾಡೇ. ಅವೇ ಏಳನ್ನು ಒಂದೊಂದು ಸಾಫ್ಟ್‌ವೇರಿಗೂ ಊಡಿಸಿ ನೋಡುವುದು, ಯಾವುದಕ್ಕೆ ಜೀರ್ಣವಾಗುತ್ತದೋ ಅದನ್ನು ಇಟ್ಟುಕೊಳ್ಳುವುದು, ಇದು ಅವನ ಕ್ರಮ. ಸಾಫ್ಟ್‌ವೇರುಗಳ ಹೆಸರು ನೆನಪಿಡುವುದು ಕಷ್ಟವೆಂದು ಅವುಗಳಿಗೂ ಅಡ್ಡಹೆಸರಿಟ್ಟ. ನೀಲಿಯದು, ಪುಕ್ಕಟೆಯದು, ಪುಸ್ತಕದ್ದು, ಹೀಗೆ.

ನೀಲಿಯದಕ್ಕೆ ಹಾಡು ಕಟ್ಟಿದವರ ಹೆಸರು ಕೊಡದಿದ್ದರೆ ಮುಂದೆ ಹೋಗುತ್ತಿರಲಿಲ್ಲ. ಅವನ ಹಾಳೆಗಳಲ್ಲಿ ಅರ್ಧಕ್ಕೆ ಮುಖಪುಟವೇ ಹರಿದುಹೋಗಿತ್ತು. ಸಹಾಯವಾಣಿಗೆ ಫೋನ್ ಮಾಡಿದ.

"ಹೆಸರು ಗೊತ್ತಿಲ್ದೆ ಇದ್ರೆ 'ಗೊತ್ತಿಲ್ಲ' ಅಂತ ಹಾಕಿ ಸರ್" ಎಂದಿತು ಒಂದು ಉತ್ಸಾಹದ ದನಿ.

ಹಾಕಿದ. ಮಾರನೆಯ ದಿನ ನೀಲಿಯದು ವರದಿ ಒಪ್ಪಿಸಿತು: ನಿಮ್ಮ ಸಂಗ್ರಹದ ಪ್ರಮುಖ ಸಂಗೀತಗಾರರು ಶ್ರೀ ಗೊತ್ತಿಲ್ಲ. ಇವರ ಹುಟ್ಟಿದ ವರ್ಷ ನಮೂದಿಸಿ. ಇವರ ಬೇರೆ ಹಾಡುಗಳೂ ನಿಮಗೆ ಇಷ್ಟವಾಗಬಹುದು.

ಪುಕ್ಕಟೆಯದು ಒಂದು ಹಾಡು ಸೇರಿಸಿದರೆ ಒಂದು ಜಾಹೀರಾತು ತೋರಿಸುತ್ತಿತ್ತು. ಇವನ ಮನೆಯ ವಿಷಯ ಅದಕ್ಕೆ ಹೇಗೆ ತಿಳಿಯಿತೋ, ಎಲ್ಲವೂ ಬೇರೆ ದಂತವೈದ್ಯರ ಜಾಹೀರಾತುಗಳು. ಹೆಂಡತಿ ಅದನ್ನು ಒಂದೇ ದಿನಕ್ಕೆ ಮನೆಯಿಂದ ಹೊರಗೆ ಹಾಕಿಸಿದಳು. ಪುಸ್ತಕದ್ದು ಇಬ್ಬರು ನುಡಿಸುವ ಹಾಡನ್ನು ಕಾದಂಬರಿಯ ಎರಡು ಸಂಪುಟ ಎಂದು ತಿಳಿದು, ಎರಡನೆಯದನ್ನು ಯಾವಾಗ ಓದಿ ಮುಗಿಸುತ್ತೀರಿ ಎಂದು ಪೀಡಿಸಿತು. ಇನ್ನೊಂದನ್ನು ತುಂಬ ಜನ ಹೊಗಳಿದ್ದರು ಎಂದು ದುಡ್ಡು ಕೊಟ್ಟೇ ತಂದ. ಅದು ಮದ್ಯದ ಬಾಟಲಿ ಕೂಡಿಹಾಕುವವರಿಗಾಗಿ ಮಾಡಿದ್ದೆಂದು ನಾಲ್ಕನೆಯ ಹಾಡಿಗೆ ಬಂದ ಮೇಲೆ ತಿಳಿಯಿತು. ಆದರೂ ಕಪಾಟಿನ ಚಿತ್ರಗಳು ಅಂದವಾಗಿದ್ದವೆಂದು ಏಳೂ ಮುಗಿಸಿದ. ದೋಣಿಯವಳ ಹಾಡನ್ನು ತಣ್ಣಗೆ, ಮಲಗಿಸಿ ಇಡಬೇಕೆಂದು ಅದು ಸಲಹೆ ಕೊಟ್ಟಿತು.

ಇವುಗಳಲ್ಲಿ ಹೆಚ್ಚಿನವು ಒಂದು ಮಾತಿನಲ್ಲಿ ಒಮ್ಮತದಲ್ಲಿದ್ದವು. ಹಾಡಿನ ಶುರುವಿನ ನಾಲ್ಕು ಬಾರ್‌ಗಳನ್ನು, ಕಂಪ್ಯೂಟರಿನ ಕೀಲಿಮಣೆಯನ್ನೇ ಪಿಯಾನೋ ಮಾಡಿಕೊಂಡು ಒಂದೊಂದು ಸ್ವರವನ್ನೂ ಒತ್ತಿ, ನಮೂದಿಸಬೇಕು. ಸ್ವರಹಾಳೆಯಲ್ಲಿ ಎರಡು ನಿಲುಗೆರೆಗಳ ನಡುವಿನ ಮನೆಗೆ ಬಾರ್ ಎನ್ನುತ್ತಾರೆ. ಹೆಸರು ಮರೆತರೂ ಶುರು ನೆನಪಿದ್ದರೆ ಹಾಡು ಹುಡುಕಿಕೊಡುತ್ತೇವೆ ಎಂಬುದು ಅವುಗಳ ಜಂಬ. ನಿಜಕ್ಕೂ ಒಳ್ಳೆಯ ಉಪಾಯ. ಆದರೆ ಅದನ್ನು ಮನೆಯಲ್ಲಿ ಹೇಗೆ ಹೇಳಬೇಕು ಎಂಬುದನ್ನು ಅವನು ಯೋಚಿಸಿರಲಿಲ್ಲ. ಒಂದು ಸಂಜೆ ಮೆಟ್ಟಿಲ ಮೇಲಿಂದಲೇ ಕೆಳಗೆ ಕೂಗಿದ:

"ಇವತ್ತಿಗೆ ಇಪ್ಪತ್ತೆಂಟು ಬಾರ್ ಮುಗಿಸಿದೆ ಕಣೇ. ಕಣ್ಣೆಲ್ಲಾ ಕೆಂಪಾಗಿದೆ, ಕೈ ನಡುಗ್ತಿದೆ."

ಕ್ಲಿನಿಕ್ಕಿನ ಕುರ್ಚಿಯಲ್ಲಿ ಬಾಯ್ತುಂಬ ಹತ್ತಿ ಇಟ್ಟುಕೊಂಡು ಕೂತಿದ್ದ ಹೆಂಗಸು ಕಣ್ಣರಳಿಸಿ ಡಾಕ್ಟರಮ್ಮನ ಮುಖ ನೋಡಿದಳು. ಡಾಕ್ಟರಮ್ಮ ಕೂಗಿ ಹೇಳಿದಳು, "ನಾಳೆ ಮುಂದುವರಿಸಿದ್ರಾಯ್ತು, ಇವತ್ತಿಗೆ ಸಾಕು ಮಾಡಿ." ಹತ್ತಿ ಹೊರಗೆ ಬಂದ ಮೇಲೆ ಆ ಸುದ್ದಿಯೂ ಹೊರಗೆ ಬಂತು. ವಾರ ಕಳೆಯುವುದರೊಳಗೆ ಕನ್ನಡಕ ಮಾಡಿಸಲು ಬಂದ ಒಬ್ಬ ಹಿರಿಯರು ಅವನ ಭುಜ ತಟ್ಟಿ, "ನನ್ನ ಭಾವನೂ ಹೀಗೇ ಇದ್ದ. ಮನಸ್ಸು ಮಾಡಿದ್ರೆ ಬಿಡಬಹುದು" ಎಂದರು.

"ಏನನ್ನ?"

"ಅದನ್ನೇ" ಎಂದರು ಅವರು ಮೆಲ್ಲಗೆ, ಗೌರವದಿಂದ.

ಕಾರ್ಯಕ್ರಮ ಹತ್ತಿರ ಬರುತ್ತಿತ್ತು. ತಂಡ ಪಿಯಾನೋ ಇಲ್ಲದೆಯೇ ಅಭ್ಯಾಸ ಮಾಡುತ್ತಿತ್ತು. ಮೇಡಂ ಪ್ರತಿ ವಾರ ಕೇಳುತ್ತಿದ್ದರು, "ಹಾಳೆ ಎಲ್ಲಿಗೆ ಬಂತು?" ಇವನು ಪ್ರತಿ ವಾರ, "ವ್ಯವಸ್ಥೆ ಆಗ್ತಿದೆ ಮೇಡಂ" ಎನ್ನುತ್ತಿದ್ದ. ಡ್ರೈವಿಂಗ್ ಸ್ಕೂಲಿನವನು ಪಕ್ಕದಿಂದ, "ಅಣ್ಣ ಇನ್ನೂ ಗಾಡಿ ಒರೆಸ್ತಾ ಇದಾರೆ" ಎನ್ನುತ್ತಿದ್ದ.

ಕೊನೆಗೆ ಸಿಕ್ಕಿತು. ಎಲ್ಲವನ್ನೂ ಕನ್ನಡದಲ್ಲೇ ಹೇಳುವ, ಕನ್ನಡದಲ್ಲೇ ಕೇಳುವ ಒಂದು ಸಾಫ್ಟ್‌ವೇರ್. ತೆರೆದ ಕೂಡಲೇ "ಬನ್ನಿ, ಎಲ್ಲಿದೆ ಎಂಬುದನ್ನು ನಾನು ನೆನಪಿಡುತ್ತೇನೆ, ನೀವು ಮರೆತುಬಿಡಿ" ಎಂದು ಬರೆದು ತೋರಿಸಿತು. ಅವನಿಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಇಷ್ಟು ದಿನ ಪರದೇಶದಲ್ಲಿ ಅಲೆದವನಿಗೆ ತವರಿನ ಬಾಗಿಲು ತೆರೆದ ಹಾಗಾಯಿತು. ಗುಂಡಿಗಳ ಮೇಲೂ ಕನ್ನಡವೇ. ಸೇರಿಸಿ, ಹುಡುಕಿ, ಉಳಿಸಿ, ಅಳಿಸಿ. ಅಕ್ಷರಗಳು ದುಂಡಗೆ, ಮುದ್ದಾಗಿ, ಸ್ವಲ್ಪ ಸಣ್ಣಗಿದ್ದವು.

ಅದರ ಇನ್ನೊಂದು ಗುಣ ಅವನನ್ನು ಪೂರ್ತಿ ಸೋಲಿಸಿತು. ಹಾಳೆಗಳನ್ನು ಹೆಸರಿನ ಪ್ರಕಾರ ಜೋಡಿಸುವುದು ಹಳೇ ಕಾಲದ ರೂಢಿ, ಜಾಗ ದಂಡ ಎನ್ನುತ್ತಿತ್ತು ಅದು. ಅಳತೆಗೆ ತಕ್ಕಂತೆ ಎಲ್ಲಿ ಜಾಗವಿದೆಯೋ ಅಲ್ಲಿಡಿ, ಒಂದೊಂದನ್ನೂ ಕಂದು ಲಕೋಟೆಗೆ ಹಾಕಿ ಅಂಟಿಸಿ, ಮೇಲೆ ನಾನು ಹೇಳಿದ ಸಂಖ್ಯೆ ಮಾತ್ರ ಬರೆಯಿರಿ. ಅವನು ಹಾಗೇ ಮಾಡಿದ. ಅಂಗಡಿಗೆ ರಜೆ ಹಾಕಿ ಮಾಡಿದ. ಗುಡ್ಡೆ ಕರಗುತ್ತಾ ಬಂತು. ಮೇಜಿನ ಮೇಲೆ, ಮಂಚದ ಕೆಳಗೆ, ಕಪಾಟಿನಲ್ಲಿ, ಎಲ್ಲಿ ನೋಡಿದರೂ ಒಂದೇ ಬಣ್ಣದ, ಬಾಯಿ ಮುಚ್ಚಿದ, ಸಂಖ್ಯೆ ಬರೆದ ಲಕೋಟೆಗಳು. ಪಿಯಾನೋ ಎಷ್ಟೋ ಕಾಲದ ಮೇಲೆ ಬರಿಮೈಯಲ್ಲಿ ನಿಂತಿತ್ತು. ಅದರ ಮುಚ್ಚಳ ತೆರೆಯಲು ಪುರುಸೊತ್ತಿರಲಿಲ್ಲ.

ಕಾರ್ಯಕ್ರಮದ ದಿನ ಬೆಳಿಗ್ಗೆ ಕಟ್ಟಕಡೆಯ ಹಾಳೆ ಲಕೋಟೆ ಸೇರಿತು. ಹೆಂಡತಿಯನ್ನು ಕರೆದು ಪಕ್ಕದಲ್ಲಿ ನಿಲ್ಲಿಸಿಕೊಂಡು ಅವನು "ದೋಣಿಯವಳ ಹಾಡು" ಎಂದು ಒತ್ತಿ, ಹುಡುಕಿ ಎಂಬುದನ್ನು ಒತ್ತಿದ. ಕಣ್ಣು ಮಿಟುಕಿಸುವುದರೊಳಗೆ ಪರದೆಯ ಮೇಲೆ ಬಂತು: ಒಂದು ಸಿಕ್ಕಿದೆ.

"ನೋಡಿದ್ಯಾ? ಸಿಕ್ತು."

"ಎಲ್ಲಿ?"

"ಇಲ್ಲೇ ಬರೆದಿದೆಯಲ್ಲ, ಸಿಕ್ಕಿದೆ ಅಂತ."

"ಹಾಳೆ ಎಲ್ಲಿ ರೀ?"

"ಅದೂ ಬರುತ್ತೆ, ತಾಳು. ಮೊದಲು ಮೇಡಂಗೆ ಹೇಳ್ತೀನಿ." ಫೋನ್ ಎತ್ತಿ ಅವನು, ಹೆಣ್ಣು ಒಪ್ಪಿದಳು ಎಂದು ಹೇಳುವ ಗಂಡಿನ ಕಡೆಯವರ ದನಿಯಲ್ಲಿ, "ಸಿಕ್ಕಿದೆ ಮೇಡಂ" ಎಂದ. ಆ ಕಡೆಯಿಂದ ಮೇಡಂ, "ಅಬ್ಬಾ, ಬದುಕಿದೆ. ಹಾಗಾದ್ರೆ ಡ್ರೈವಿಂಗ್ ಸ್ಕೂಲಿನೋರಿಗೆ ಟಕ್ ಟಕ್ ಬೇಡ ಅಂತ ಹೇಳ್ತೀನಿ, ಹಾಡೋರ ಸಾಲಿಗೆ ಬರ್ಲಿ" ಎಂದರು.

ಫೋನಿಟ್ಟು ಅವನು ಮತ್ತೆ ಪರದೆಯ ಕಡೆ ತಿರುಗಿದ. ಇಷ್ಟು ದಿನದ ಕೆಲಸ. ಲಕೋಟೆ ಸಂಖ್ಯೆ ನೋಡುವುದಕ್ಕೆ ಮುಂಚೆ ಒಂದು ಸಲ ಉಳಿಸಿಬಿಡೋಣ ಎಂದು, ಎಲ್ಲವನ್ನೂ ಆರಿಸಿ, ಗುಂಡಿ ಒತ್ತಿದ. ಖಚಿತವೇ ಎಂದು ಕೇಳಿತು. ಎಂಥ ಜವಾಬ್ದಾರಿಯುತ ಸಾಫ್ಟ್‌ವೇರ್ ಎಂದುಕೊಂಡು ಖಚಿತ ಎಂದ. ಹಿಂದಕ್ಕೆ ಬರುವುದಿಲ್ಲ, ಆಗಬಹುದೇ ಎಂದಿತು. ಹಿಂದಕ್ಕೆ ಹೋಗುವ ಮಾತೇ ಇಲ್ಲ, ಆಗಬಹುದು ಎಂದ.

ಪರದೆ ಬೆಳ್ಳಗಾಯಿತು. ನಡುವೆ ದುಂಡಗಿನ, ಮುದ್ದಾದ ಅಕ್ಷರಗಳಲ್ಲಿ ಒಂದು ಸಾಲು ಬಂತು: ಎಲ್ಲವನ್ನೂ ಅಳಿಸಲಾಗಿದೆ.

ಬೇರೆಯವರಿಗೆ ಗೋಡೆಯ ಮೇಲಿನ ಅಕ್ಷರ ತೋರಿಸಿ "ಇದು ಯಾವುದು? ಸರಿಯಾಗಿ ನೋಡಿ ಹೇಳಿ" ಎಂದು ದಿನವೂ ಕೇಳುವವನು ಪರದೆಗೆ ಮೂಗು ತಾಗುವಷ್ಟು ಬಗ್ಗಿ ನೋಡಿದ. ಉಳಿಸಿ. ಅಳಿಸಿ. ಒಂದೇ ಒಂದು ಅಕ್ಷರ.

"ಏನಾಯ್ತು ರೀ?"

"ಉ ಅಂದ್ಕೊಂಡೆ" ಎಂದ ಅವನು. "ಅ ಆಗಿತ್ತು."

ಹೆಂಡತಿ ನಗಲಿಲ್ಲ. ನಕ್ಕಿದ್ದರೇ ಚೆನ್ನಾಗಿತ್ತು. ಅವಳು ಕ್ಲಿನಿಕ್ಕಿಗೆ ಬರಬೇಕಿದ್ದವರಿಗೆ ಫೋನ್ ಮಾಡಿ ನಾಳೆ ಬನ್ನಿ ಎಂದಳು, ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ನೆಲದ ಮೇಲೆ ಕೂತು ಲಕೋಟೆ ಹರಿಯತೊಡಗಿದಳು. ಅವನು ಮಂಚದ ಕೆಳಗೆ ನುಗ್ಗಿದ. ಹರಿದಷ್ಟೂ ಬಂದವು. ಮಕ್ಕಳ ಪಾಠದ ಹಾಳೆ, ಕುದುರೆ ಓಟದ ಹಾಡು, ಶ್ರೀ ಗೊತ್ತಿಲ್ಲ ಅವರ ಅಸಂಖ್ಯ ಕೃತಿಗಳು, ಒಂದೇ ಹಾಡಿನ ಮೂರು ಪ್ರತಿ. ದೋಣಿ ಮಾತ್ರ ಎಲ್ಲೂ ದಡ ಹತ್ತಲಿಲ್ಲ. ಅವನನ್ನು ಕರೆದೊಯ್ಯಲು ಬಂದ ಡ್ರೈವಿಂಗ್ ಸ್ಕೂಲಿನವನು ಬಾಗಿಲಲ್ಲೇ ನಿಂತ.

"ಅಂಚೆ ಕಚೇರಿ ಯಾವಾಗ ತೆಗೆದ್ರಿ ಅಣ್ಣ?"

ವಿಷಯ ಕೇಳಿದ ಮೇಲೆ ಅವನೂ ಬೂಟು ಬಿಚ್ಚಿ ಒಳಗೆ ಬಂದು ಒಂದು ಮೂಲೆ ಹಿಡಿದ. ಮೂವರೂ ಸೇರಿ ಹರಿದರೂ ಅರ್ಧ ಕೋಣೆ ಮುಗಿಯಲಿಲ್ಲ. ಹೊತ್ತಾಯಿತು.

"ನಡೀರಿ" ಎಂದ ಡ್ರೈವಿಂಗ್ ಸ್ಕೂಲಿನವನು. "ಮೇಡಂಗೆ ಇದ್ದದ್ದು ಇದ್ದ ಹಾಗೆ ಹೇಳೋಣ. ಟಕ್ ಟಕ್ ನಾನು ಒತ್ತುತೀನಿ. ಕುರ್ಚಿ ಹೋದ್ರೆ ಹೋಗ್ಲಿ, ಮಾನ ಉಳಿಯುತ್ತೆ."

ಉಳಿಯುತ್ತೆ ಎಂಬ ಮಾತು ಕೇಳಿ ಅವನು ಕಿವಿ ಮುಚ್ಚಿಕೊಂಡ. ಆದರೂ ಹೇಳಬೇಕು, ಸಭಾಂಗಣಕ್ಕೆ ಹೋದ ಕೂಡಲೇ ಹೇಳಿಬಿಡಬೇಕು ಎಂದು ದಾರಿಯುದ್ದಕ್ಕೂ ಮನಸ್ಸು ಗಟ್ಟಿ ಮಾಡಿಕೊಂಡ.

ಸಭಾಂಗಣ ತುಂಬಿತ್ತು. ಮೇಡಂ ಇಸ್ತ್ರಿ ಮಾಡಿದ ಬಟ್ಟೆಯಲ್ಲಿ, ಒರೆಸಿದ ಅಡಿಕೋಲು ಹಿಡಿದು, ಪರದೆಯ ಹಿಂದೆ ನಿಂತಿದ್ದರು. ಇವನ ಬರಿಗೈ ನೋಡಿ, "ಹಾಳೆ ಎಲ್ಲಿ?" ಎಂದರು.

ಗಟ್ಟಿ ಮಾಡಿಕೊಂಡಿದ್ದ ಮನಸ್ಸು ಅಲ್ಲೇ ಕರಗಿತು. ಎಲ್ಲ ಹಣೆಬರಹ ಎಂದುಕೊಂಡು ಅಂಗೈಯಿಂದ ಹಣೆ ಬಡಿದುಕೊಂಡ.

ಮೇಡಂ ಒಂದು ಕ್ಷಣ ನೋಡಿದರು. ಅವರ ಮುಖ ಅರಳಿತು. "ಓ, ತಲೆಯಲ್ಲೇ ಇದೆಯಾ? ಪೂರ್ತಿ ಬಾಯಿಪಾಠ? ಅದಕ್ಕೇ ಇಷ್ಟು ದಿನ ತಗೊಂಡ್ರಿ ಅನ್ನಿ. ನಾನು ಸುಮ್ನೆ ಏನೇನೋ ಅಂದ್ಕೊಂಡಿದ್ದೆ." ಅಷ್ಟರಲ್ಲಿ ಯಾರೋ ಪರದೆ ಎಳೆದರು. ದೀಪದ ಬೆಳಕು ಬಿತ್ತು. ಹಿಂದಿನಿಂದ ಡ್ರೈವಿಂಗ್ ಸ್ಕೂಲಿನವನು, "ಮೇಡಂ, ಅದು..." ಎನ್ನುವುದಕ್ಕೆ ಬಾಯಿ ತೆರೆದ. ಚಪ್ಪಾಳೆಯಲ್ಲಿ ಅದು ಯಾರಿಗೂ ಕೇಳಿಸಲಿಲ್ಲ. ಅಚ್ಚುಕಟ್ಟಣ್ಣನ ಕಾಲು ಅವನನ್ನು ಕೇಳದೆಯೇ ಹೋಗಿ ಕುರ್ಚಿಯಲ್ಲಿ ಕೂರಿಸಿತು.

ಕುರ್ಚಿ ಅವನು ಅಂದುಕೊಂಡಿದ್ದಕ್ಕಿಂತ ಗಟ್ಟಿಯಾಗಿತ್ತು. ಎಡಗಡೆಯ ಕೆನ್ನೆಗೆ ದೀಪದ ಬಿಸಿ ತಾಕುತ್ತಿತ್ತು. ಇಡೀ ಸಭೆ ಆ ಕೆನ್ನೆಯನ್ನೇ ನೋಡುತ್ತಿದೆ, ಆ ಕೆನ್ನೆ ಬೆವರುತ್ತಿದೆ ಎಂಬುದು ಅವನಿಗೆ ಗೊತ್ತಾಯಿತು. ಅಡಿಕೋಲು ಮೇಲೆದ್ದಿತು. ಬೇರೇನೂ ತೋಚದೆ ಅವನು ಕೈ ಇಟ್ಟ.

ಕೈಗೆ ದಾರಿ ಗೊತ್ತಿತ್ತು. ನೀಲಿಯದಕ್ಕೆ, ಪುಕ್ಕಟೆಯದಕ್ಕೆ, ಆಮೇಲೆ ಕನ್ನಡದ್ದಕ್ಕೆ, ನಡುವೆ ಇನ್ನೂ ಎಷ್ಟಕ್ಕೋ, ಒಂದೊಂದು ಸ್ವರವನ್ನೂ ಒತ್ತಿ ಒತ್ತಿ ಕಲಿಸಿದ ಆ ಶುರು, ಎಂದೂ ಮರೆಯದ ಹಾಗೆ ಬೆರಳಿಗೆ ಹತ್ತಿತ್ತು. ನೀರಿಗೆ ಹುಟ್ಟು ಇಳಿಬಿಟ್ಟ ಹಾಗೆ ಮೆಲ್ಲಗೆ ಎದ್ದಿತು ನಾದ. ಒಂದು ಬಾರ್, ಎರಡು, ಮೂರು, ನಾಲ್ಕು. ಮೇಡಂ ಅವನ ಕಡೆ ತಿರುಗಿ ತಲೆದೂಗಿದರು. ಅವನು ಜೀವಮಾನದಲ್ಲಿ ಅಷ್ಟು ಚೆನ್ನಾಗಿ ಎಂದೂ ನುಡಿಸಿರಲಿಲ್ಲ.

ಐದನೆಯ ಬಾರ್ ಎಂಬುದು ಅವನ ಮಟ್ಟಿಗೆ ಇರಲೇ ಇಲ್ಲ. ಬಂಡೆ ಎದುರಿಗೆ ಬಂದ ಹಾಗೆ ಕೈ ನಿಂತಿತು. ಎರಡೂ ಕೈ ತಾವಾಗಿ ಬಂದು ತೊಡೆಯ ಮೇಲೆ ಕೂತವು. ಆ ಮೌನದೊಳಕ್ಕೆ ತಂಡ ಹಾಡುತ್ತಾ ಬಂತು. ತಿಂಗಳುಗಟ್ಟಲೆ ಪಿಯಾನೋ ಇಲ್ಲದೇ ಅಭ್ಯಾಸ ಮಾಡಿದವರಿಗೆ ಅದರ ಹಂಗಿರಲಿಲ್ಲ. ದನಿಗಳು ಒಂದಕ್ಕೊಂದು ಆತುಕೊಂಡು, ದಡ ಬಿಟ್ಟ ದೋಣಿಯ ಹಾಗೆ ಸರಾಗವಾಗಿ ಹೋದವು. ಮೇಡಂ ಒಂದು ಸಲ, ಎರಡು ಸಲ ಪಿಯಾನೋ ಕಡೆ ಕಣ್ಣು ಹಾಯಿಸಿದರು. ಮೂರನೆಯ ಸಲ ಹಾಯಿಸಲಿಲ್ಲ. ಅವನು ತಲೆ ತಗ್ಗಿಸಿ, ನೆಲ ಬಾಯಿ ಬಿಡಲಿ ಎಂದು ಬೇಡಿಕೊಳ್ಳುತ್ತಾ, ಹಾಡು ಮುಗಿಯುವವರೆಗೂ ಅಲುಗಾಡದೆ ಕೂತಿದ್ದ.

ಮುಗಿದಾಗ ಬಿದ್ದ ಚಪ್ಪಾಳೆಗೆ ಕೆಳಗಿನ ಅಂಗಡಿಯ ಮಂಚಗಳೂ ಅದುರಿರಬೇಕು.

ಬಾಗಿಲ ಬಳಿ ಚಹಾದ ಲೋಟ ಹಿಡಿದ ಒಬ್ಬರು ಅವನನ್ನು ತಡೆದರು. ಪಕ್ಕದ ಊರಿನ ಸಂಗೀತ ಸಭೆಯ ಕಾರ್ಯದರ್ಶಿಗಳು. "ಎಂಥಾ ಸಂಯಮ ಸ್ವಾಮಿ ನಿಮ್ಮದು. ದಾರಿ ತೋರಿಸಿದ್ರಿ, ಪಕ್ಕಕ್ಕೆ ಸರಿದ್ರಿ. ಪಿಯಾನೋದೋರು ಅಂದ್ರೆ ಕೈ ಸುಮ್ನಿರಲ್ಲ. ತಲೆ ತಗ್ಗಿಸಿ ಕೂತಿದ್ರಲ್ಲ, ಅದನ್ನ ನೋಡಿ ನನ್ನ ಹೆಂಡತಿ ಅತ್ತಳು."

"ನಂಗೂ ಅಳು ಬಂದಿತ್ತು" ಎಂದ ಅಚ್ಚುಕಟ್ಟಣ್ಣ. ನಿಜವನ್ನೇ ಹೇಳಿದ್ದ.

"ಕಂಡೆ, ಕಂಡೆ" ಎಂದು ಅವರು ಅವನ ಕೈ ಹಿಡಿದು ಕುಲುಕಿದರು.

ಡ್ರೈವಿಂಗ್ ಸ್ಕೂಲಿನವನು ಹಿಂದಿನಿಂದ ಬಂದು ಕಿವಿಯಲ್ಲಿ ಹೇಳಿದ, "ಗಾಡಿ ಸ್ಟಾರ್ಟ್ ಮಾಡಿ ಬಾಗಿಲು ತೆಗೆದು ಇಳಿದುಬಿಟ್ರಲ್ಲ ಅಣ್ಣ. ಇಷ್ಟು ವರ್ಷದಲ್ಲಿ ಒಬ್ಬ ಶಿಷ್ಯನೂ ಹೀಗೆ ಮಾಡಿರ್ಲಿಲ್ಲ."

ಮೇಡಂ ಮಾತ್ರ ಜನ ಕರಗುವವರೆಗೆ ಕಾದರು. ಆಮೇಲೆ ಅವನನ್ನು ಕಿಟಕಿಯ ಹತ್ತಿರ ಕರೆದರು.

"ತಲೆಯಲ್ಲಿ ಇದ್ದದ್ದು ನಾಲ್ಕೇ ಬಾರ್, ಅಲ್ವಾ?"

"ಹೌದು ಮೇಡಂ."

"ಹಾಳೆ?"

"ಮನೇಲಿದೆ. ಎಲ್ಲಿ ಅಂತ ಗೊತ್ತಿಲ್ಲ." ಅವನು ಎಲ್ಲವನ್ನೂ ಹೇಳಿದ. ಉ, ಅ, ಲಕೋಟೆ, ಹಣೆಬರಹ. ಹೇಳುತ್ತಾ ಹೋದ ಹಾಗೆ ಕೊನೇ ಸಾಲಿನ ತನ್ನ ಜಾಗ ಕಣ್ಣ ಮುಂದೆ ಬರತೊಡಗಿತು. ಅಲ್ಲಿಗೇ ಹೋಗಿ ನಿಲ್ಲುತ್ತೇನೆ ಎನ್ನಲು ಬಾಯಿ ತೆರೆದಾಗ ಮೇಡಂ ಅಡಿಕೋಲೆತ್ತಿ ತಡೆದರು.

"ಆ ಕಾರ್ಯದರ್ಶಿಗಳು ನಮ್ಮನ್ನ ಅವರ ಊರಿಗೆ ಕರೆದಿದಾರೆ. ಹೀಗೇ ಇರಬೇಕಂತೆ, ಪಿಯಾನೋ ನಿಂತು ದನಿ ಏಳೋದೇ ಚಂದ ಅಂತೆ. ನಂಗೂ ಹಾಗೇ ಅನ್ನಿಸ್ತು, ಸುಳ್ಳು ಯಾಕೆ ಹೇಳ್ಲಿ. ಕುರ್ಚಿ ನಿಮ್ಮದೇ. ನಾಲ್ಕು ಬಾರ್, ಆಮೇಲೆ ಕೈ ತೊಡೆ ಮೇಲೆ. ಇನ್ನೊಂದು ಮಾತು." ಅವರು ದನಿ ತಗ್ಗಿಸಿದರು. "ಹಾಳೆ ಸಿಕ್ಕಿದ್ರೆ ನಂಗೆ ಹೇಳ್ಬೇಡಿ. ಸಿಕ್ಕಿತು ಅಂದ ಮೇಲೆ ಪೂರ್ತಿ ನುಡಿಸ್ಬೇಕಾಗುತ್ತೆ."

ಮಾರನೆಯ ದಿನ ಮಧ್ಯಾಹ್ನ ಹೆಂಡತಿ ಮಲಗುವ ಕೋಣೆಯಲ್ಲಿ ಕಾಲಿಡಲು ಜಾಗ ಮಾಡುತ್ತಿದ್ದಳು. ಅವನು ಅಂಗಡಿ ಮುಚ್ಚಿ ಊಟಕ್ಕೆ ಬಂದಿದ್ದ.

"ಇದೇನಾ ನೋಡಿ. ದೋಣಿ ಇದೆ."

ಅವನು ಹಾಳೆಯನ್ನು ತೆಗೆದುಕೊಂಡು ಪಿಯಾನೋ ಮುಂದೆ ಕೂತ. ಮುಚ್ಚಳ ತೆಗೆದ. ಮೊದಲ ನಾಲ್ಕು ಬಾರ್ ಮಗುವಿನ ಕೈಬರಹದಷ್ಟು ಬಿಡಿ ಬಿಡಿ, ನಿರಾಳ. ಐದನೆಯದರಿಂದ ಬೆಲ್ಲಕ್ಕೆ ಇರುವೆ ಮುತ್ತಿದ ಹಾಗೆ ಕಪ್ಪು. ಎಡಗೈ ಒಂದು ದಿಕ್ಕಿಗೆ ಓಡಬೇಕು, ಬಲಗೈ ಇನ್ನೊಂದಕ್ಕೆ, ನಡುವೆ ಎರಡೂ ಒಂದರ ಮೇಲೊಂದು ದಾಟಬೇಕು. ಒಂದು ಸಲ ಪ್ರಯತ್ನಿಸಿದ. ಮತ್ತೊಂದು ಸಲ ನಿಧಾನಕ್ಕೆ, ಡ್ರೈವಿಂಗ್ ಸ್ಕೂಲಿನವನಿಗಿಂತ ನಿಧಾನಕ್ಕೆ ಪ್ರಯತ್ನಿಸಿದ.

"ಬುದ್ಧಿಹಲ್ಲು ಕೀಳೋವಾಗ್ಲೂ ಇಂಥಾ ಸದ್ದು ಬರಲ್ಲ ರೀ" ಎಂದಳು ಹೆಂಡತಿ ಲಕೋಟೆಗಳ ನಡುವಿನಿಂದ.

ಅವನು ಕೈ ತೆಗೆದ. ಹಾಳೆ ಸಮಯಕ್ಕೆ ಸಿಕ್ಕಿದ್ದರೆ ನಿನ್ನೆ ಆ ಸದ್ದನ್ನು ಇಡೀ ಸಭೆ ಕೇಳುತ್ತಿತ್ತು. ಆರು ತಿಂಗಳು ದಿನವೂ ಕೂತರೆ ಬಂದರೂ ಬಂದೀತು. ಬಂದರೆ ಮೇಡಂಗೆ ಹೇಳಬೇಕು. ಹೇಳಿದರೆ ಪೂರ್ತಿ ನುಡಿಸಬೇಕು. ಅವನು ಹಾಳೆಯ ಅಂಚನ್ನು ಬೆರಳಿನಿಂದ ಸವರಿ, ಮಡಿಕೆ ಬೀಳದಂತೆ ಮುಚ್ಚಿ, ಹೆಂಡತಿಯ ಕೈಗೆ ಕೊಟ್ಟ.

"ಇದನ್ನ ಎಲ್ಲಾದ್ರೂ ಇಡು."

"ಎಲ್ಲಿ?"

"ನಿನ್ನಿಷ್ಟ."

"ಎಲ್ಲಿಟ್ಟೆ ಅಂತ ನೆನಪಿಟ್ಕೊಳ್ಳಲಾ?"

ಅವನು ಪಿಯಾನೋ ಕಡೆ ತಿರುಗಿದ. "ನೀನು ನೆನಪಿಟ್ಕೋ" ಎಂದ. "ನಾನು ಕೇಳಿದ್ರೂ ಹೇಳಬೇಡ." ಆಮೇಲೆ ಆ ಶುರುವಿನ ನಾಲ್ಕು ಬಾರ್‌ಗಳನ್ನು, ಹಾಳೆಯಿಲ್ಲದೆ, ಎಂದಿನಂತೆ ಸೊಗಸಾಗಿ ನುಡಿಸಿ, ಕೈಗಳನ್ನು ತೊಡೆಯ ಮೇಲಿಟ್ಟು ಅಭ್ಯಾಸ ಮಾಡತೊಡಗಿದ.